ಡಯಲ್ ಇಲ್ಲದ ವಾಚು

ಅಂಗಡಿಯಿಂದ,
ನವೆಂಬರ್ ೪, ಬುಧವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ನಿಮಗೆ,

ಎದುರಿಗಿದ್ದರೆ ‘ರೀ’ ಅಂದರೆ ಮುಗಿಯುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಆ ಒಂದೇ ಅಕ್ಷರದಲ್ಲಿ ನಮ್ಮ ಸಂಸಾರ ನಡೆದಿದೆ. ಕಾಗದದ ಮೇಲೆ ಅದನ್ನೇ ಬರೆದು ನೋಡಿದೆ, ಜಗಳಕ್ಕೆ ಕರೆದಂತೆ ಕಂಡಿತು, ಹೊಡೆದು ಹಾಕಿದೆ. ಆಪರೇಷನ್ ಆದ ಕಣ್ಣು ಹೇಗಿದೆ? ಪಟ್ಟಿಯ ಒಳಗೆ ನೋವು, ತುರಿಕೆ ಏನೂ ಇಲ್ಲ ತಾನೆ? ತುರಿಸಿದರೂ ಕೈ ಹಾಕಬೇಡಿ. ಇನ್ನೊಂದು ಕಣ್ಣಿನ ಮಬ್ಬು ಹಾಗೇ ಇದೆಯೋ, ಸ್ವಲ್ಪ ಹರಿದಿದೆಯೋ? ಡಾಕ್ಟರು ಹೇಳಿದಂತೆ ಬಗ್ಗದೆ, ಭಾರ ಎತ್ತದೆ, ಕೆಮ್ಮು ಬಂದರೂ ಮೆಲ್ಲಗೆ ಕೆಮ್ಮುತ್ತ ಇದ್ದೀರೆಂದು ನಂಬಿದ್ದೇನೆ. ನಂಬಿಕೆ ಅಷ್ಟಕ್ಕಷ್ಟೇ, ಆದರೂ ಬರೆಯುತ್ತೇನೆ. ಫೋನಿನಲ್ಲಿ ಕೇಳಿದರೆ ನಿಮ್ಮ ಉತ್ತರ ನನಗೆ ಗೊತ್ತಿರುವುದೇ: ಒಂದು ‘ಹ್ಞೂಂ’, ಎರಡು ‘ಆಯ್ತಾಯ್ತು’, ಆಮೇಲೆ ಫೋನು ನಿಮ್ಮ ತಂಗಿಯ ಕೈಗೆ. ಕಾಗದವಾದರೆ ಹಾಗೆ ದಾಟಿಸಲಾಗುವುದಿಲ್ಲ. ಓದುವವಳು ಓದುತ್ತಲೇ ಇರುತ್ತಾಳೆ, ನೀವು ಕೇಳುತ್ತಲೇ ಇರಬೇಕು.

ಓದುವವಳಿಗೂ ಒಂದು ಮಾತು. ಗಿಣೀ, ಅಣ್ಣನಿಗೆ ಇದನ್ನು ನಿಧಾನವಾಗಿ ಓದು. ನಿನ್ನ ಮಾಮೂಲಿ ಓಟದಲ್ಲಿ ಓದಿದರೆ ಈ ಕಾಗದದಲ್ಲಿರುವ ಚಕ್ರಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದು ಹಲ್ಲು ಮುರಿದುಕೊಳ್ಳುತ್ತವೆ. ನಡುನಡುವೆ ನಿನ್ನ ಸ್ವಂತ ಅಭಿಪ್ರಾಯ ಸೇರಿಸಬೇಡ. ಅತ್ತಿಗೆ ಅವರನ್ನು ಬೈದಿರುವ ಕಡೆ ಮಾತ್ರ ಬೇಕಿದ್ದರೆ ದನಿ ಏರಿಸು. ಅಣ್ಣನನ್ನು ಇಷ್ಟು ದಿನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದೀಯಲ್ಲ, ಅದಕ್ಕೆ ನಾನು ಏನು ಹೇಳಿದರೂ ಕಡಿಮೆಯೇ. ಎದುರಿಗೆ ಹೇಳಿದರೆ ನೀನು ಅಳುತ್ತೀಯ, ಇಲ್ಲೇ ಹೇಳಿಬಿಟ್ಟೆ.

ಅಂಗಡಿ ನಡೆಯುತ್ತಿದೆ. ಬೆಲ್ಟು, ಸೆಲ್ಲು, ಗೋಡೆ ಗಡಿಯಾರ, ಅಲಾರಮ್ಮು, ಹೀಗೆ ನನ್ನ ಪಾಲಿನ ಕೆಲಸ ಬರುತ್ತಲೇ ಇದೆ. ಕೀ ಕೊಡುವ ವಾಚು ತಂದವರಿಗೆಲ್ಲ ‘ಅವರು ಊರಲ್ಲಿಲ್ಲ’ ಎಂದು ಹೇಳಿ ಕಳಿಸುತ್ತಿದ್ದೆ. ಮೇಲಿನ ಬೀದಿಯ ವಾಚಿನ ಅಂಗಡಿಯವನು ನೀವು ಹೇಳಿ ಹೋದಂತೆಯೇ ಮೊನ್ನೆ ಸೋಮವಾರ ಬಂದಿದ್ದ. ನಿಮ್ಮ ಮೇಜಿನ ಸುತ್ತ ಎರಡು ಸುತ್ತು ಹಾಕಿ, ಡ್ರಾಯರ್ ಒಂದೊಂದನ್ನೂ ಎಳೆದು ನೋಡಿ, ಉದ್ದ ಅಗಲ ಅಳೆದುಕೊಂಡು, ಗುರುವಾರ ಗಾಡಿ ತರುತ್ತೇನೆ ಎಂದು ಹೋದ. ಬಸ್ಸು ಹತ್ತುವಾಗ ನೀವು ಹೇಳಿದ್ದು ಕಿವಿಯಲ್ಲೇ ಇದೆ: ‘ಮೇಜು, ಸಾಮಾನು ಎಲ್ಲಾ ಅವನಿಗೇ ಕೊಟ್ಬಿಡು. ನನ್ನ ಕಣ್ಣು ಸರಿಹೋದ್ರೂ ಆ ಕೆಲ್ಸಕ್ಕಾಗಲ್ಲ ಅಂತ ಡಾಕ್ಟ್ರೇ ಅಂದ್ಮೇಲೆ ಅದ್ಯಾಕೆ ಅಲ್ಲಿ ಧೂಳು ತಿನ್ಬೇಕು?’ ಅಷ್ಟರಲ್ಲಿ ಬಸ್ಸು ಹೊರಟಿತು. ಅವನಿಗೆ ಏನು ಹೇಳಿದೆ ಎಂಬುದನ್ನು ಕಡೆಗೆ ಬರೆಯುತ್ತೇನೆ. ಅದಕ್ಕೆ ಮುಂಚೆ ಒಂದು ವಾಚಿನ ಕಥೆ ಕೇಳಬೇಕು. ನಿಮ್ಮ ಕಣ್ಣು ಮುಚ್ಚಿಯೇ ಇರಲಿ, ನಾನು ಕಾಣುವ ಹಾಗೆ ಬರೆಯುತ್ತೇನೆ.

ಹೋದ ವಾರ ಮಂಗಳವಾರ ಒಬ್ಬರು ಹಲ್ಲಿನ ಡಾಕ್ಟರಮ್ಮ ಬಂದರು. ನಮ್ಮ ವಯಸ್ಸಿಗಿಂತ ಹತ್ತು ವರ್ಷ ಚಿಕ್ಕವರು, ನಗುವಾಗ ಮಾತ್ರ ಕೈ ಅಡ್ಡ ಹಿಡಿಯುತ್ತಾರೆ, ಹಲ್ಲಿನ ಡಾಕ್ಟರಿಗೆ ಇದೆಂಥ ನಾಚಿಕೆಯೋ. ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಳಗೆ ಅವರ ತಂದೆಯ ವಾಚು. ತಂದೆ ಹೋಗಿ ನಾಲ್ಕು ತಿಂಗಳಾಯಿತಂತೆ. ‘ಅಪ್ಪ ಇರೋವಾಗ ಒಂದು ದಿನಾನೂ ತಪ್ಪಿರಲಿಲ್ಲ. ನನ್ನ ಕೈಗೆ ಬಂದ್ಮೇಲೆ ಮೊಂಡು ಹಿಡೀತಿದೆ. ನಾನೇ ಏನೋ ಕೆಡಿಸಿದೀನಿ’ ಅಂದರು. ಯಜಮಾನರು ಇಲ್ಲ, ಬರುವುದು ಯಾವಾಗಲೋ, ಅಂದೆ. ‘ಇಲ್ಲೇ ಇರ್ಲಿ. ನನ್ನ ಹತ್ರ ಇದ್ರೆ ಇನ್ನೂ ಕೆಡುತ್ತೆ. ನೀವು ಸುಮ್ನೆ ನೋಡ್ತಾ ಇರಿ’ ಎಂದು ಬಿಟ್ಟು ಹೋದರು. ಸುಮ್ಮನೆ ನೋಡುವುದಕ್ಕೆ ನನ್ನಷ್ಟು ಅಭ್ಯಾಸ ಇರುವವರು ಯಾರಿದ್ದಾರೆ?

ವಾಚಿಗೆ ಡಯಲ್ಲೇ ಇಲ್ಲ. ಮುಂದೆ ಗಾಜು, ಹಿಂದೆ ಗಾಜು, ನಡುವೆ ಬರೀ ಒಳಗಿನದು. ಒಳಗಿನದನ್ನೂ ಹಾಗೇ ಬಿಟ್ಟಿಲ್ಲ. ಚಕ್ರಗಳನ್ನು ಹಿಡಿದಿಡುವ ತಗಡುಗಳಲ್ಲಿ ಎಲ್ಲೆಲ್ಲಿ ಲೋಹ ಬೇಕಾಗಿಲ್ಲವೋ ಅಲ್ಲೆಲ್ಲ ಗರಗಸದಲ್ಲಿ ಕೊಯ್ದು ತೆಗೆದಿದ್ದಾರೆ. ಕೊಯ್ದ ಅಂಚನ್ನೆಲ್ಲ ಓರೆಯಾಗಿ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಉಳಿದಿರುವುದು ಬಳ್ಳಿಯಷ್ಟು ಸಣ್ಣ ತೋಳುಗಳು, ಒಂದೊಂದರ ತುದಿಯಲ್ಲಿ ಕೆಂಪು ಕಲ್ಲು, ಕಲ್ಲಿನೊಳಗೆ ಚಕ್ರದ ಅಚ್ಚು, ಅಲ್ಲಲ್ಲಿ ಕಾಯಿಸಿ ನೀಲಿ ಮಾಡಿದ ಸ್ಕ್ರೂಗಳು. ಅಂಗೈ ಮೇಲಿಟ್ಟುಕೊಂಡು ನೋಡಿದೆ. ವಾಚಿನ ಆಚೆ ನನ್ನ ಅಂಗೈ ಗೆರೆಗಳೇ ಕಂಡವು, ಸೋಪಿನಿಂದ ಒಡೆದ ಬಿರುಕುಗಳ ಸಮೇತ. ನೀವು ಇಂಥ ವಾಚನ್ನು ಕಂಡರೆ ಮೂಗು ಮುರಿಯುವುದು ನನಗೆ ಗೊತ್ತು. ‘ವಾಚು ಇರೋದು ಟೈಮ್ ನೋಡೋಕೆ, ಅದರ ಕರುಳು ನೋಡೋಕಲ್ಲ’ ಎಂದು ಒಮ್ಮೆ ಯಾರಿಗೋ ಅಂದಿದ್ದಿರಿ. ನಾನು ಪಕ್ಕದಲ್ಲೇ ಇದ್ದು ತಲೆಯಾಡಿಸಿದ್ದೆ. ಈಗ ಆ ತಲೆಯಾಟವನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ.

ಅದು ಹೊತ್ತು ತೋರಿಸುವ ರೀತಿಯೇ ಬೇರೆ. ಗಂಟೆಗೆ ಮುಳ್ಳಿಲ್ಲ, ಒಂದು ಸಣ್ಣ ಕಿಟಕಿಯಲ್ಲಿ ಅಂಕಿ ಬರುತ್ತದೆ. ನಿಮಿಷದ ಮುಳ್ಳು ಪೂರ್ತಿ ಸುತ್ತುವುದಿಲ್ಲ, ಅರ್ಧ ಚಂದ್ರದಂತೆ ಬಾಗಿದ ಗೆರೆಯ ಮೇಲೆ ಸೊನ್ನೆಯಿಂದ ಅರವತ್ತಕ್ಕೆ ಮೆಲ್ಲಗೆ ಹತ್ತುತ್ತದೆ. ಅರವತ್ತು ಮುಟ್ಟಿತೋ, ಟಕ್ ಎಂದು ಒಂದೇ ನೆಗೆತಕ್ಕೆ ಸೊನ್ನೆಗೆ ವಾಪಸ್ಸು. ಅದೇ ಕ್ಷಣ ಕಿಟಕಿಯಲ್ಲಿ ಅಂಕಿ ಬದಲು. ಹತ್ತು ಹೋಗಿ ಹನ್ನೊಂದು. ಇನ್ನೂ ಒಂದು ವಿಶೇಷವಿದೆ, ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಕೆಳಗಡೆ ಇನ್ನೊಂದು ಪುಟ್ಟ ಮುಳ್ಳು, ಅದರ ಒಂದು ಬದಿಗೆ ಕೂಡುವ ಗುರುತು, ಇನ್ನೊಂದು ಬದಿಗೆ ಕಳೆಯುವ ಗುರುತು. ಸೂರ್ಯ ನಮ್ಮ ಗಡಿಯಾರದಂತೆ ನಡೆಯುವುದಿಲ್ಲವಂತಲ್ಲ, ವರ್ಷದಲ್ಲಿ ಕೆಲವು ತಿಂಗಳು ಮುಂದೆ ಓಡುತ್ತಾನೆ, ಕೆಲವು ತಿಂಗಳು ಹಿಂದೆ ಬೀಳುತ್ತಾನೆ. ನಾಲ್ಕೇ ದಿನ ಮಾತ್ರ ಇಬ್ಬರೂ ಸಮ. ಆ ವ್ಯತ್ಯಾಸ ಇವತ್ತು ಎಷ್ಟು ಎಂದು ಈ ಮುಳ್ಳು ಹೇಳುತ್ತದೆ. ಅದಕ್ಕೆ ಹೇಳಿಕೊಡುವುದು ಗೋಡಂಬಿ ಆಕಾರದ ಒಂದು ತುಣುಕು, ವರ್ಷಕ್ಕೆ ಒಂದೇ ಸುತ್ತು ತಿರುಗುತ್ತದೆ. ಅದರ ಬೆನ್ನಿನ ಮೇಲೆ ಒಂದು ಸಣ್ಣ ಕೊಕ್ಕೆ ಒರಗಿ, ಉಬ್ಬು ಬಂದಾಗ ಏರಿ, ತಗ್ಗು ಬಂದಾಗ ಇಳಿದು, ಮುಳ್ಳನ್ನು ಸರಿಸುತ್ತದೆ. ಇವತ್ತು ಸೂರ್ಯ ಹದಿನಾರು ನಿಮಿಷ ಮುಂದಿದ್ದಾನೆ. ಯಾರಿಗೆ ಬೇಕು ಈ ಲೆಕ್ಕ? ಯಾರಿಗೂ ಬೇಡ. ಆದರೂ ಒಬ್ಬ ಮನುಷ್ಯ ಕೂತು ಆ ಗೋಡಂಬಿಯನ್ನು ಅರದಲ್ಲಿ ಉಜ್ಜಿ ಉಜ್ಜಿ, ಸೂರ್ಯನ ಸ್ವಭಾವಕ್ಕೆ ಸರಿಹೊಂದುವಂತೆ ಮಾಡಿದ್ದಾನೆ. ಅದನ್ನು ನೆನೆಸಿಕೊಂಡು, ಬೆಲ್ಟು ಹಾಕಿಸಲು ಬಂದವರನ್ನು ಕಾಯಿಸಿಬಿಟ್ಟೆ.

ಅಂಗಡಿಯ ಬಾಗಿಲು ತೆಗೆದ ಮೇಲೆ ಒಂದು ಗಂಟೆ ಬಿಸಿಲು ನೇರ ನಿಮ್ಮ ಮೇಜಿಗೆ ಬೀಳುತ್ತದೆಯಲ್ಲ, ನಾಲ್ಕು ದಿನ ಆ ಬೆಳಕಿನಲ್ಲಿ ಅದನ್ನೇ ನೋಡುತ್ತ ಕೂತೆ. ನನಗೆ ಒಂದು ಯೋಚನೆ ಬಂತು. ಬೇರೆ ವಾಚುಗಳಲ್ಲಿ ಕೆಲಸ ಎಲ್ಲಾದರೂ ಒರಟಾಗಿದ್ದರೆ ಡಯಲ್ ಮುಚ್ಚಿಕೊಳ್ಳುತ್ತದೆ, ಹಿಂದಿನ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಆ ಅನುಕೂಲ ಇಲ್ಲ. ಮಾಡಿದವನಿಗೆ ಎಷ್ಟು ಧೈರ್ಯ ಇರಬೇಕು! ಇನ್ನು ಒಂದು ಎಳೆ ಕೊಯ್ದರೂ ಮುರಿದು ಬೀಳುತ್ತದೆ ಎನ್ನುವಲ್ಲಿಗೆ ಬಂದು ಕೈ ನಿಲ್ಲಿಸಿದ್ದಾನೆ. ಸೇರಿಸುವುದು ನಾನೂ ಮಾಡಿಯೇನು, ತೆಗೆಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದು ದೊಡ್ಡದು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಮಾತೊಂದನ್ನೇ ನಾವು ಹೀಗೆ ಕೊಯ್ದು ಕೊಯ್ದು ತೆಗೆದಿದ್ದೇವೆ, ಬಹುಶಃ ನಿಲ್ಲಿಸಬೇಕಾದ ಜಾಗ ದಾಟಿಬಿಟ್ಟೆವು. ಗಿಣೀ, ಈ ಸಾಲನ್ನು ಎರಡು ಸಲ ಓದು.

ಸರಿ, ತೊಂದರೆಗೆ ಬರುತ್ತೇನೆ. ಡಾಕ್ಟರಮ್ಮ ಹೇಳಿದ ಮೊಂಡುತನ ಏನೆಂದರೆ, ಅರವತ್ತರಿಂದ ಸೊನ್ನೆಗೆ ಹಾರುವ ಮುಳ್ಳು ಒಂದೊಂದು ಸಲ ಇಪ್ಪತ್ತರ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ದಿನ ಆರು ಸಲ ಹಾರಿತು, ಎರಡು ಸಲ ಸಿಕ್ಕಿಕೊಂಡಿತು. ಎರಡನೆಯ ದಿನ ಒಂದು ಸಲವೂ ಇಲ್ಲ. ಎರಡನೆಯ ದಿನ ಬೇರೆ ಏನು ಮಾಡಿದ್ದೆ ಎಂದು ತಲೆ ಕೆರೆದುಕೊಂಡೆ. ಆ ದಿನ ವಾಚನ್ನು ಮೇಜಿನ ಮೇಲೆ ಮಲಗಿಸಿರಲಿಲ್ಲ, ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿದ್ದೆ. ಮತ್ತೆ ಮಲಗಿಸಿದೆ, ಸಿಕ್ಕಿಕೊಂಡಿತು. ನಿಲ್ಲಿಸಿದೆ, ಸಲೀಸಾಗಿ ಹಾರಿತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದರೆ, ಕೆಲಸದಲ್ಲಿ ಕೈಗವಸು ಹಾಕುವುದರಿಂದ ವಾಚು ಕಟ್ಟಿಕೊಳ್ಳುವುದಿಲ್ಲವಂತೆ, ಪಕ್ಕದ ಮೇಜಿನ ಮೇಲೆ ಮುಖ ಮೇಲೆ ಮಾಡಿ ಮಲಗಿಸಿರುತ್ತಾರಂತೆ. ಅವರ ತಂದೆ ಏಳುವಾಗ ಕಟ್ಟಿದರೆ ಮಲಗುವಾಗಲೇ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದದ್ದು. ಕೈಯಲ್ಲಿದ್ದಾಗ ವಾಚು ಓರೆಯಾಗಿಯೋ ನೇರವಾಗಿಯೋ ಇರುತ್ತದೆ. ಆದ್ದರಿಂದ ಅವರಿಗೆ ಇದು ಗೊತ್ತೇ ಆಗಿಲ್ಲ. ‘ಹಾಗಾದ್ರೆ ನಾನು ಕೆಡಿಸಿದ್ದಲ್ವಾ?’ ಎಂದು ಆಕೆ ಮೂರು ಸಲ ಕೇಳಿದರು. ಅಲ್ಲ ಎಂದು ಮೂರು ಸಲವೂ ಹೇಳಿದೆ.

ಮಲಗಿಸಿದಾಗ ಏನೋ ಕೆಳಗೆ ಕೂತು ಏನಕ್ಕೋ ತಗುಲುತ್ತಿದೆ ಎಂದಾಯಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ಪಕ್ಕದಿಂದ ನೋಡಿದೆ. ಮುಳ್ಳನ್ನು ಹಿಂದಕ್ಕೆ ತರುವ ಹಲ್ಲಿನ ಪಟ್ಟಿ ಇದೆಯಲ್ಲ, ಅದರ ಅಡಿಯಲ್ಲಿ ಕೂದಲೆಳೆಯಂಥ ಒಂದು ಗೀರು, ಬೆಳ್ಳಗೆ ಹೊಳೆಯಿತು. ಗೀರಿನ ಕೊನೆಯಲ್ಲಿ, ಹಿಂಬದಿಯಿಂದ ಹಾಕಿದ ಒಂದು ನೀಲಿ ಸ್ಕ್ರೂವಿನ ತುದಿ ತಗಡಿನಿಂದ ಹೊರಗೆ ಇಣುಕುತ್ತಿತ್ತು. ಇಣುಕಬಾರದು. ಅದರ ಪಕ್ಕದ ತೋಳಿನಲ್ಲಿ ಅದೇ ತಲೆಯ ಇನ್ನೊಂದು ಸ್ಕ್ರೂ, ಅದು ತಗಡಿನ ಅರ್ಧಕ್ಕೂ ಬಂದಿರಲಿಲ್ಲ. ನನಗೆ ಥಟ್ಟನೆ ಹೊಳೆಯಿತು. ತೆಳು ಜಾಗಕ್ಕೆ ಹಾಕಬೇಕಾದ ಗಿಡ್ಡ ಸ್ಕ್ರೂ ದಪ್ಪ ಜಾಗದಲ್ಲಿದೆ, ದಪ್ಪ ಜಾಗದ ಉದ್ದ ಸ್ಕ್ರೂ ತೆಳು ಜಾಗದಲ್ಲಿದೆ. ಹಿಂದೆ ಯಾರೋ ಪುಣ್ಯಾತ್ಮ ಬಿಚ್ಚಿ ಜೋಡಿಸುವಾಗ ಅದಲು ಬದಲು ಮಾಡಿದ್ದಾನೆ. ನೀವು ಸ್ಕ್ರೂ ಬಿಚ್ಚಿ, ತಲೆ ಎತ್ತದೆ ಚಿಮಟವನ್ನು ಬಲಕ್ಕೆ ಚಾಚುತ್ತಿದ್ದಿರಿ. ನಾನು ಅದನ್ನು ತೆಗೆದುಕೊಂಡು ಗುಳಿಗಳ ತಟ್ಟೆಯಲ್ಲಿ ಸರದಿಯಂತೆ ಇಡುತ್ತಿದ್ದೆ. ಉದ್ದ ಯಾವುದು, ಗಿಡ್ಡ ಯಾವುದು, ಯಾವುದರ ಮನೆ ಎಲ್ಲಿ ಎಂದು ಇಷ್ಟು ವರ್ಷ ನನ್ನ ತಲೆಯಲ್ಲೇ ಇಟ್ಟುಕೊಂಡು, ನೀವು ಕೇಳಿದಾಗ ಕೊಟ್ಟಿದ್ದೇನೆ. ಒಂದು ಸ್ಕ್ರೂವಿನ ಎತ್ತರ ನನಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು?

ಇನ್ನು ಬೈಗುಳಕ್ಕೆ ಸಿದ್ಧಳಾಗಿ ಬರೆಯುತ್ತೇನೆ. ಶನಿವಾರ ಬೆಳಿಗ್ಗೆ ಡಾಕ್ಟರಮ್ಮನನ್ನು ಕೇಳಿ, ‘ಮಾಡಿ’ ಅನ್ನಿಸಿಕೊಂಡು, ಅಂಗಡಿ ಬಾಗಿಲು ಅರ್ಧ ಎಳೆದು, ನಿಮ್ಮ ಮೇಜಿಗೆ ಕೂತೆ. ನೀವು ‘ಅದ್ರ ಮೇಲೆ ಉಸಿರು ಬಿಡ್ಬೇಡ’ ಎಂದು ನನ್ನನ್ನು ಎಷ್ಟೋ ಸಲ ಗದರಿದ್ದ ಮೇಜು. ಉಸಿರು ಬಿಡುವುದಿರಲಿ, ಉಸಿರು ಬರುವುದೇ ಕಷ್ಟವಾಯಿತು. ಹಿಂಬದಿಯ ಗಾಜು ತೆಗೆದೆ. ಸ್ಪ್ರಿಂಗಿನ ಬಿಗಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದೆ. ಎರಡು ಸ್ಕ್ರೂಗಳನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟೆ. ಒಂದು ಇನ್ನೊಂದಕ್ಕಿಂತ ಎಷ್ಟು ಉದ್ದ ಅಂತೀರಿ, ಉಗುರಿನ ದಪ್ಪವೂ ಇಲ್ಲ. ಅಷ್ಟರಿಂದ ಒಬ್ಬ ಮಗಳು ಅಪ್ಪನ ವಾಚನ್ನು ತಾನೇ ಕೆಡಿಸಿದೆ ಎಂದು ನಾಲ್ಕು ತಿಂಗಳು ಕೊರಗಿದ್ದಾಳೆ. ಮೆತ್ತನೆಯ ಮರದ ಕಡ್ಡಿ ಚೂಪು ಮಾಡಿ, ಒಣಗಿದ ಎಣ್ಣೆ ತೆಗೆದು, ಸೂಜಿಯ ತುದಿಯಷ್ಟು ಹೊಸ ಎಣ್ಣೆ ಮುಟ್ಟಿಸಿ, ಸ್ಕ್ರೂಗಳನ್ನು ಅವರವರ ಮನೆಗೆ ಕಳಿಸಿದೆ. ಎರಡನೆಯದನ್ನು ಅರ್ಧ ತಿರುಗಿಸಿದ್ದೆ. ಸ್ಕ್ರೂಡ್ರೈವರ್ ಕೆಳಗಿಟ್ಟು, ಎದ್ದು ನೀರು ಕುಡಿದು, ಐದು ನಿಮಿಷ ಬೀದಿ ನೋಡಿ ಬಂದು ಮತ್ತೆ ಕೂತೆ. ನಡುಕ ಬಂದರೆ ಏಳಬೇಕು ಎನ್ನುವುದನ್ನೂ ನಿಮ್ಮಿಂದ ನೋಡಿಯೇ ಕಲಿತದ್ದು.

ಕೀ ಕೊಟ್ಟೆ. ಚಕ್ರ ಆಡತೊಡಗಿತು. ಮಲಗಿಸಿ ಎದುರಿಗೆ ಕೂತೆ. ಐವತ್ತೆಂಟು, ಐವತ್ತೊಂಬತ್ತು. ಮಗಳ ಪರೀಕ್ಷೆಯ ಫಲಿತಾಂಶದ ದಿನವೂ ನನಗೆ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಟಕ್. ಮುಳ್ಳು ಸೊನ್ನೆಗೆ, ಕಿಟಕಿಯಲ್ಲಿ ಹನ್ನೆರಡು. ಒಬ್ಬಳೇ ಜೋರಾಗಿ ನಕ್ಕೆ. ರೀ, ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ಬರುವುದಿಲ್ಲ. ಮೂರು ದಿನ ಮಲಗಿಸಿಯೇ ಇಟ್ಟೆ, ಒಮ್ಮೆಯೂ ತಪ್ಪಲಿಲ್ಲ. ನಿನ್ನೆ ಡಾಕ್ಟರಮ್ಮ ಬಂದರು. ಸರಿಯಾಗಿ ಗಂಟೆ ಬದಲಾಗುವವರೆಗೂ ಸ್ಟೂಲಿನ ಮೇಲೆ ಕೂತು ಕಾದರು. ಮುಳ್ಳು ಹಾರಿದಾಗ ಕೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕರು, ಆಮೇಲೆ ಕರವಸ್ತ್ರ ತೆಗೆದರು.

ಊಟದ ಬಿಡುವು ಮುಗಿಯಿತು, ಬಾಗಿಲಲ್ಲಿ ಯಾರೋ ಗೋಡೆ ಗಡಿಯಾರ ಹೊತ್ತು ನಿಂತಿದ್ದಾರೆ. ಔಷಧಿ ತಪ್ಪಿಸಬೇಡಿ. ಗಿಣಿಗೆ, ಅವಳ ಮನೆಯವರಿಗೆ, ಮಕ್ಕಳಿಗೆ ನನ್ನ ಪ್ರೀತಿ ತಿಳಿಸಿ. ನಿಮ್ಮ ಕಣ್ಣಿಗೆ ನನ್ನ ಆಯಸ್ಸಿನ ಒಂದಷ್ಟು ಸೇರಿ ಬೆಳಕಾಗಲಿ ಎಂದು ದಿನವೂ ಕೇಳಿಕೊಳ್ಳುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ,
ಮನೆಯವಳು

ಮರೆತ ಮಾತು: ಗಿಣೀ, ಇಲ್ಲಿಗೆ ಓದು ನಿಲ್ಲಿಸು. ಮುಂದಿನದು ಬೇರೆ ಹಾಳೆಯಲ್ಲಿದೆ, ಮಡಚಿ ಅಣ್ಣನ ಅಂಗಿ ಜೇಬಿನಲ್ಲಿಡು. ಶುಕ್ರವಾರ ಪಟ್ಟಿ ಬಿಚ್ಚಿದ ಮೇಲೆ ಅವರೇ ಓದಲಿ, ಅದಕ್ಕೇ ಅಕ್ಷರವನ್ನು ಬೆರಳುದ್ದ ಬರೆದಿದ್ದೇನೆ. ಅವರಿಂದ ಆಗದಿದ್ದರೆ ಆಗ ನೀನೇ ಓದಿ ಹೇಳು, ಆದರೆ ಅಳದೆ ಓದು.

ರೀ, ನೀವೇ ಓದುತ್ತಿದ್ದೀರಿ ಎಂದುಕೊಂಡು ಬರೆಯುತ್ತೇನೆ. ಆ ಪುಣ್ಯಾತ್ಮ ನೀವೇ. ಗಾಜು ತೆಗೆದಾಗ ಒಳಗಿನ ಅಂಚಿನಲ್ಲಿ, ರಿಪೇರಿ ಮಾಡಿದ ವಾಚಿಗೆಲ್ಲ ನೀವು ಹಾಕುವ ಮೂರು ಚುಕ್ಕೆಯ ಗುರುತು ಕಂಡಿತು, ಪಕ್ಕದಲ್ಲಿ ತಿಂಗಳು, ವರ್ಷ. ಮೂರು ವರ್ಷದ ಹಿಂದೆ ನಾನು ಮಗಳ ಹೆರಿಗೆಗೆಂದು ಎರಡು ತಿಂಗಳು ಹೋಗಿದ್ದೆನಲ್ಲ, ಆಗಿನದು. ಸ್ಕ್ರೂ ಹಿಡಿಯುವವಳು ಪಕ್ಕದಲ್ಲಿರಲಿಲ್ಲ. ಆಗಲೇ ನಿಮಗೆ ಕಾಣುತ್ತಿರಲಿಲ್ಲ, ನೀವು ಹೇಳಲಿಲ್ಲ. ತಪ್ಪಿಗೆ ನನಗೆ ಕೋಪವಿಲ್ಲ. ಮೂರು ವರ್ಷ ಒಬ್ಬರೇ ಹೆದರಿಕೊಂಡು ಕೂತಿದ್ದಿರಲ್ಲ, ಅದಕ್ಕೆ ಕೋಪ, ಅದಕ್ಕೆ ಅಳು. ಡಾಕ್ಟರಮ್ಮನಿಗೆ ಮುಚ್ಚಿಡಲಿಲ್ಲ, ನಮ್ಮ ಅಂಗಡಿಯದೇ ತಪ್ಪು ಅಂದೆ. ‘ಯಾರು, ಯಜಮಾನ್ರಾ?’ ಅಂದರು. ‘ನಾವು’ ಅಂದೆ. ಆಕೆ ನನ್ನ ಕಡೆ ಬಗ್ಗಿ, ‘ನಾನೂ ಒಂದ್ಸಲ ಪಕ್ಕದ ಹಲ್ಲು ಕಿತ್ತಿದ್ದೆ, ಯಾರಿಗೂ ಹೇಳ್ಬೇಡಿ’ ಅಂದರು. ಮುಂದಿನ ವಾರ ತಮ್ಮ ಚಿಕ್ಕಪ್ಪನ ವಾಚು ತರುತ್ತಾರಂತೆ, ನನ್ನ ಹತ್ತಿರ.

ಮೇಲಿನ ಬೀದಿಯವನಿಗೆ ಗಾಡಿ ತರಬೇಡ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ, ನೀವು ಬಂದು ಒಂದು ಮಾತು ಅಂದರೆ ಎಲ್ಲಿ ಮನಸ್ಸು ಬದಲಾಯಿಸುತ್ತೇನೋ ಎಂದು ನನ್ನ ಮೇಲೇ ಅನುಮಾನ ಬಂತು. ಇವತ್ತು ಬೆಳಿಗ್ಗೆ ಬಡಗಿಯನ್ನು ಕರೆಸಿದೆ. ನಿಮ್ಮ ಮೇಜು ಕೂತರೆ ನನ್ನ ಗದ್ದಕ್ಕೆ ಬರುತ್ತಿತ್ತು, ಅದರ ಕಾಲುಗಳನ್ನು ನಾಲ್ಕು ಬೆರಳು ಕತ್ತರಿಸಲು ಹೇಳಿದೆ. ಅವನು ಎರಡು ಸಲ ಕೇಳಿದ, ‘ಅಮ್ಮಾ, ಕತ್ತರಿಸಿದ್ರೆ ಮತ್ತೆ ಅಂಟಿಸೋಕಾಗಲ್ಲ, ಯಜಮಾನ್ರನ್ನ ಒಂದ್ಮಾತು ಕೇಳಿದ್ರಾ?’ ನಾನು ಮೇಜಿನ ಇನ್ನೊಂದು ತುದಿ ಅಲ್ಲಾಡದಂತೆ ಒತ್ತಿ ಹಿಡಿದು, ಕತ್ತರಿಸಪ್ಪಾ ಅಂದೆ. ಇನ್ನು ಅದು ನಿಮ್ಮ ಎತ್ತರಕ್ಕೂ ಬರುವುದಿಲ್ಲ, ಮೇಲಿನ ಬೀದಿಯವನ ಎತ್ತರಕ್ಕೂ ಬರುವುದಿಲ್ಲ. ಬೈಯುವುದಾದರೆ ಬೇಗ ಬಂದು ಎದುರಿಗೇ ಬೈಯಿರಿ.